ಬಸವನಗುಡಿಯ ಒಂದು ಸ್ತ್ರೀರೋಗ ಚಿಕಿತ್ಸಾಲಯ: ತೂಕ ನೋಡಿ ಮಾತ್ರೆ ಬರೆಯುವ ವೈದ್ಯೆ

ಎರಡನೆಯ ಬಾಣಂತನದ ನಂತರ ನನ್ನ ತೂಕ 86 ಕಿಲೋಗೆ ಏರಿ ಅಲ್ಲಿಯೇ ನಿಂತಿದೆ. ಎತ್ತರ 158 ಸೆಂಟಿಮೀಟರ್, ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 34ರ ಆಸುಪಾಸು; ನಮ್ಮ ದೇಶದಲ್ಲಿ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಗರ್ಭನಿರೋಧಕ ಮಾತ್ರೆ ಕೇಳಲು ಹೋದಾಗ ಒಬ್ಬ ವೈದ್ಯರು “ಮೊದಲು ತೂಕ ಇಳಿಸಿಕೊಂಡು ಬನ್ನಿ” ಎಂದು ಕಳುಹಿಸಿಬಿಟ್ಟರು. ಮೆಡಿಕಲ್ ಶಾಪಿನವರು ಏನನ್ನೂ ಕೇಳದೆ ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಇವೆರಡರಲ್ಲಿ ಯಾವುದು ಹೆಚ್ಚು ತಪ್ಪು ಎಂದು ನನಗೆ ಅರ್ಥವಾದದ್ದು, ನನ್ನ ಓರಗಿತ್ತಿಯ ಮಾತು ಕೇಳಿ ಗಾಂಧಿ ಬಜಾರಿನ ಹಿಂದಿನ ರಸ್ತೆಯ ಈ ಚಿಕಿತ್ಸಾಲಯಕ್ಕೆ ಹೋದ ಮೇಲೆಯೇ.

ಇಲ್ಲಿ ತೂಕದ ಯಂತ್ರ ಹೊರಗಿನ ಬೆಂಚುಗಳ ಮುಂದೆ ಇಲ್ಲ, ಒಳಗೆ ಪರದೆಯ ಹಿಂದಿದೆ. ನರ್ಸ್ ಅಂಕಿಯನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದರು. ರಕ್ತದೊತ್ತಡದ ಮೇಲಿನ ಅಂಕಿ ಮೊದಲು 142 ತೋರಿಸಿತು. ತೋಳಿಗೆ ಪಟ್ಟಿ ಬಿಗಿಯಾಗಿರುವುದನ್ನು ಗಮನಿಸಿದ ಅವರು ಅಗಲವಾದ ಇನ್ನೊಂದು ಪಟ್ಟಿಯನ್ನು ತಂದು, ಐದು ನಿಮಿಷ ಕೂರಿಸಿ ಮತ್ತೆ ನೋಡಿದಾಗ 126 ಬಂತು. ಇದು ಸಣ್ಣ ಸಂಗತಿಯಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇಲ್ಲದಷ್ಟು ಹೆಚ್ಚಾಗಿ ಕಾಣುತ್ತದೆ, ಮತ್ತು 140 ದಾಟಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆಯನ್ನು ಕೊಡುವುದಿಲ್ಲ.

ವೈದ್ಯೆ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ವಿವರಿಸಿದರು. ಮಾಲಾ-ಡಿಯಂತಹ ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ಪಿನಲ್ಲಿ 21 ಹಾರ್ಮೋನು ಮಾತ್ರೆಗಳು, ಕೊನೆಯ 7 ಕಬ್ಬಿಣಾಂಶದ ಮಾತ್ರೆಗಳು. ಸ್ಥೂಲಕಾಯದವರಲ್ಲಿ, ಆ ಮಾತ್ರೆಯ ಹಾರ್ಮೋನುಗಳಲ್ಲೊಂದಾದ ಲೆವೊನಾರ್ಜೆಸ್ಟ್ರೆಲ್ ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಇತರರಿಗಿಂತ ಸುಮಾರು ಎರಡು ಪಟ್ಟು ದಿನ ಹಿಡಿಯುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾಗಿ ಆ ಏಳು ದಿನಗಳ ಬಿಡುವಿನ ನಂತರ ಹೊಸ ಸ್ಟ್ರಿಪ್ ಆರಂಭವಾಗುವ ಕಾಲವೇ ದುರ್ಬಲವಾದದ್ದು. “ನೋಡಮ್ಮ, ನೀನು ಮರೆಯುವುದಾದರೆ ಈ ದಿನಗಳಲ್ಲಿ ಮಾತ್ರ ಮರೆಯಬೇಡ” ಎಂದು ಅವರು ಆ ಜಾಗಕ್ಕೆ ಎರಡು ಬಾರಿ ಸುತ್ತು ಹಾಕಿದರು. ಹಾಗೆಂದು ದಪ್ಪಗಿರುವವರಿಗೆ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಹೆದರಿಸಲಿಲ್ಲ. ಗರ್ಭ ನಿಲ್ಲುವ ಪ್ರಮಾಣದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ, ಬಹುಪಾಲು ದೊಡ್ಡ ವ್ಯತ್ಯಾಸವನ್ನು ಕಂಡಿಲ್ಲ. ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಮರೆವೂ ಸೇರಿದ ನಿತ್ಯದ ಬಳಕೆಯಲ್ಲಿ ಸುಮಾರು ಏಳು ಮಂದಿಗೆ ನಿಲ್ಲುತ್ತದೆ. ನನ್ನಂಥವರು ಹೆಚ್ಚು ಯೋಚಿಸಬೇಕಾದದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ, ಏಕೆಂದರೆ ಬೊಜ್ಜು ಮತ್ತು ಈ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಎರಡೂ ಅದನ್ನು ಹೆಚ್ಚಿಸುತ್ತವೆ.

ನನಗೆ ನಿಜಕ್ಕೂ ಬೇಸರ ತರಿಸಿದ್ದು ತುರ್ತು ಮಾತ್ರೆಯ ಸಂಗತಿ. ಸಂಭೋಗದ ನಂತರ 72 ಗಂಟೆಯೊಳಗೆ ನುಂಗುವ, ಅದೇ ಲೆವೊನಾರ್ಜೆಸ್ಟ್ರೆಲ್‌ನ 1.5 ಮಿಲಿಗ್ರಾಂ ಮಾತ್ರೆಯನ್ನು ನಾನು ಹಿಂದೆ ಎರಡು ಬಾರಿ ಸಂಪೂರ್ಣ ನಂಬಿ ತೆಗೆದುಕೊಂಡಿದ್ದೆ. 70 ಕಿಲೋ ದಾಟಿದವರಲ್ಲಿ ಅದರ ಪರಿಣಾಮ ಕುಗ್ಗಬಹುದು ಎಂದು ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಐದು ದಿನಗಳೊಳಗೆ ಗರ್ಭಕೋಶದಲ್ಲಿ ಹಾಕಿಸಿಕೊಳ್ಳುವ ಕಾಪರ್-ಟಿಗೆ ತೂಕದ ಹಂಗಿಲ್ಲ. ಕೌಂಟರಿನಲ್ಲಿ ಮಾತ್ರೆ ಕೊಡುವವರು ಇದೊಂದು ಮಾತನ್ನು ಹೇಳಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರವಾಗುತ್ತದೆ.

ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀಯಾ ಎಂದೂ ವೈದ್ಯೆ ವಿಚಾರಿಸಿದರು. 2025ರ ಮಾರ್ಚ್‌ನಿಂದ ನಮ್ಮಲ್ಲಿ ಸಿಗುತ್ತಿರುವ ಟಿರ್ಜೆಪಟೈಡ್ ಎಂಬ ಅಂಥ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ, ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಆರಂಭಿಸಿದ ಮೇಲೆ ನಾಲ್ಕು ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ ಕಾಂಡೋಮ್ ಸಹ ಬಳಸಬೇಕು, ಇಲ್ಲವೇ ನುಂಗುವ ಮಾತ್ರೆಯ ಬದಲು ಬೇರೆ ವಿಧಾನಕ್ಕೆ ಹೋಗಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿಯೇ ಇಬ್ಬರು ಆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. ಅವರಿಗೆ ಅಂದೇ ಸಂಜೆ ತಿಳಿಸಿದೆ.

ಕೊರತೆಗಳೂ ಇವೆ. ಸಮಯ ಕೊಟ್ಟಿದ್ದರೂ ಒಂದೂವರೆ ಗಂಟೆ ಕಾಯಬೇಕಾಯಿತು. ಚಿಕಿತ್ಸಾಲಯ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ; ಬಸುರಿಯರೂ ನನ್ನಂತೆ ಮಂಡಿನೋವಿನವರೂ ಬರುವ ಜಾಗಕ್ಕೆ ಇದು ಒಪ್ಪುವ ಏರ್ಪಾಡಲ್ಲ. ಕೈಗೆ ಕೊಟ್ಟ ಮಾಹಿತಿ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ವೈದ್ಯೆ ಅಷ್ಟು ಚೆಂದದ ಕನ್ನಡದಲ್ಲಿ ವಿವರಿಸುವಾಗ ಅದನ್ನೇ ಅಚ್ಚು ಹಾಕಿಸಬಹುದಲ್ಲವೇ ಎಂದು ಕೇಳಿ ಬಂದಿದ್ದೇನೆ.

ಸಮಾಲೋಚನೆಗೆ 700 ರೂಪಾಯಿ ತೆಗೆದುಕೊಂಡರು, 25 ನಿಮಿಷ ಮಾತನಾಡಿದರು. ಮಾತ್ರೆ ಬೇಡವೆಂದು ಅವರು ಹೇಳಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಹತ್ತು ವರ್ಷ ಬಾಳುವ ಕಾಪರ್-ಟಿ 380ಎ ಸಾಕೆಂದು ನಾನೇ ನಿರ್ಧರಿಸಿದೆ. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆಂದು ಮೊದಲು ತಿಳಿಸಿದವರೂ ಅವರೇ.