ಮೊದಲ ದಿನವೇ ನೂರೈವತ್ತು ಬಸ್ಕಿ ಹೊಡೆಯಬೇಡಿ

ಜಿಮ್ ಸೇರುವ ಮುಂಚೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇದ್ದ ಹೆದರಿಕೆ ಒಂದೇ, ಹಾರ್ಟು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಿನಿಂದ ನಲವತ್ತು ದಾಟಿದವರು ಯಾರು ಜಿಮ್ ಹೆಸರೆತ್ತಿದರೂ "ಅಪ್ಪುಗೇ ಹಂಗಾತು, ಇನ್ನು ನಿಂದೇನು" ಅನ್ನೋ ಮಾತು ಬಂದೇ ಬರುತ್ತೆ. ಆಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದಿದ್ದು ನಿಮಗೂ ನೆನಪಿರಬಹುದು. ಅದಕ್ಕೇ ನಾನೂ ಇಸಿಜಿ, ಎಕೋ, ಟಿಎಂಟಿ ಮೂರನ್ನೂ ಮಾಡಿಸಿಕೊಂಡೇ ಹೋದೆ. ಮೂರೂ ನಾರ್ಮಲ್. ಹಾರ್ಟಿಗೆ ಏನೂ ಆಗಲಿಲ್ಲ. ಕೈಕೊಟ್ಟಿದ್ದು ತೊಡೆ. ತೊಡೆಯಿಂದ ಕಿಡ್ನಿವರೆಗೂ ಹೋಯಿತು.

ನನಗೆ ನಲವತ್ನಾಲ್ಕು ವರ್ಷ, 92 ಕೆಜಿ. ದಾವಣಗೆರೆಯಲ್ಲಿ ಸಹಕಾರಿ ಬ್ಯಾಂಕೊಂದರ ಕೌಂಟರಿನಲ್ಲಿ ಕೂತು ದುಡ್ಡು ಎಣಿಸುವ ಕೆಲಸ. ವ್ಯಾಯಾಮ ಅಂತ ಕೊನೇ ಸಲ ಮಾಡಿದ್ದು ಹೈಸ್ಕೂಲಿನಲ್ಲಿ, ಅದೂ ಹೋಮ್‌ವರ್ಕ್ ಮಾಡದ್ದಕ್ಕೆ ಮೇಷ್ಟ್ರು ಹೊಡೆಸಿದ ಬಸ್ಕಿ. ಜನವರಿಯಲ್ಲಿ ಮಗಳ ಜೊತೆ ಚಿತ್ರದುರ್ಗದ ಕೋಟೆಗೆ ಹೋಗಿ, ಓಬವ್ವನ ಕಿಂಡಿ ನೋಡುವ ಮುಂಚೆಯೇ ಉಸಿರು ಸಿಗದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳು ಹಿಂದೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದೇ ನನ್ನನ್ನು ಏಪ್ರಿಲ್‌ನಲ್ಲಿ ಜಿಮ್ ಬಾಗಿಲಿಗೆ ತಂದು ನಿಲ್ಲಿಸಿತು.

ಜಿಮ್ ಹೆಸರು ಹೇಳಲ್ಲ. ಹೆಸರಿನಿಂದ ಪ್ರಯೋಜನವೂ ಇಲ್ಲ, ನಿಮ್ಮೂರಿನದೂ ಹೀಗೇ ಇರಬಹುದು.

ಒಳಗೆ ಹೋದ ತಕ್ಷಣ ಒಂದು ಮಷೀನಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಎರಡು ಹಿಡಿ ಹಿಡಿದುಕೊಳ್ಳಬೇಕು, ನಿಮಿಷದಲ್ಲಿ ಚೀಟಿ ಬರುತ್ತೆ. ಕೊಬ್ಬು ಇಷ್ಟು, ನೀರು ಅಷ್ಟು, ಕೊನೆಯಲ್ಲಿ "ಮೆಟಬಾಲಿಕ್ ಏಜ್ 59". ಮ್ಯಾನೇಜರ್ ಆ 59ಕ್ಕೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿ ಸುಮ್ಮನೆ ನನ್ನ ಮುಖ ನೋಡಿದರು. ಆ ಮಷೀನು ಮೈಯೊಳಗೆ ಸಣ್ಣ ಕರೆಂಟು ಹರಿಸಿ ಲೆಕ್ಕ ಹಾಕುವಂಥದ್ದು, ಆಗಷ್ಟೇ ಊಟ ಮಾಡಿದ್ದರೆ, ನೀರು ಕುಡಿದಿದ್ದರೆ, ಬೆವತಿದ್ದರೆ ಲೆಕ್ಕ ಆಚೀಚೆ ಆಗುತ್ತೆ ಅಂತ ಆಮೇಲೆ ತಿಳಿಯಿತು. ಅವತ್ತು ಮಾತ್ರ ಅದು ಯಮನ ಚೀಟಿಯ ಹಾಗೆ ಕಂಡಿತು. ವರ್ಷಕ್ಕೆ 14,000, ಅದರ ಮೇಲೆ ಪರ್ಸನಲ್ ಟ್ರೇನಿಂಗ್ 12 ಕ್ಲಾಸಿಗೆ 6,000. ಫೋನ್‌ಪೇ ಮಾಡಿಬಿಟ್ಟೆ. ದಿನವೂ ಬೇರೆಯವರ ದುಡ್ಡನ್ನು ಎರಡೆರಡು ಸಲ ಎಣಿಸುವವನು, ನನ್ನ ದುಡ್ಡಿಗೆ ಕೊಟ್ಟ ರಸೀದಿಯ ಹಿಂಬದಿ ತಿರುಗಿಸಿಯೂ ನೋಡಲಿಲ್ಲ.

ಬಿಪಿ ಇದೆಯಾ, ಏನಾದರೂ ಮಾತ್ರೆ ತಗೋತೀರಾ, ಮುಂಚೆ ಏನು ವ್ಯಾಯಾಮ ಮಾಡಿದ್ದೀರಿ, ಇವ್ಯಾವನ್ನೂ ಯಾರೂ ಕೇಳಲಿಲ್ಲ. ಟೀ ಶರ್ಟ್ ಸೈಜು ಮಾತ್ರ ಕೇಳಿದರು.

ಸೋಮವಾರ ಸಂಜೆ ಮೊದಲ ಕ್ಲಾಸು. ಟ್ರೇನರ್ ಇಪ್ಪತ್ತೆರಡರ ಹುಡುಗ, ಒಳ್ಳೆಯವನೇ, ಮಾತಿಗೆ ಮುಂಚೆ "ಸಾರ್" ಅನ್ನುವವನು. "ಇವತ್ತು ಲೆಗ್ ಡೇ ಸಾರ್" ಅಂದ. ಸ್ಕ್ವಾಟ್ ಅಂದರೆ ನಮ್ಮ ಬಸ್ಕಿಯೇ. ಇಪ್ಪತ್ತೈದರಂತೆ ನಾಲ್ಕು ಸೆಟ್. ಆಮೇಲೆ ಲಂಜಸ್ ಅಂತ ಹಾಲಿನ ಈ ತುದಿಯಿಂದ ಆ ತುದಿಗೆ ಮಂಡಿ ಬಗ್ಗಿಸಿಕೊಂಡು ನಡೆಯುವುದು, ನಾಲ್ಕು ಸಲ. ಆಮೇಲೆ ಲೆಗ್ ಪ್ರೆಸ್. ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಕಾಲು ಆಗಲೇ ತರತರ ನಡುಗುತ್ತಿತ್ತು. "ಲಾಸ್ಟ್ ಐವತ್ತು ಸಾರ್, ಬರ್ನೌಟ್" ಅಂದ. ಸಾಕಪ್ಪಾ ಅಂದೆ. "ನಿಮ್ಮ ಕೈಲಿ ಆಗುತ್ತೆ ಸಾರ್, ಮನಸ್ಸು ಸೋಲೋದು ಅಷ್ಟೆ, ಮೈ ಸೋಲಲ್ಲ" ಅಂದ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ನೋಡುತ್ತಿದ್ದರು. ಆ ಐವತ್ತನ್ನು ಹೊಡೆದದ್ದು ಕಾಲಲ್ಲ, ಮರ್ಯಾದೆ.

ಮಂಗಳವಾರ ನೋವು ಇತ್ತು. ಅದು ಎಲ್ಲರಿಗೂ ಬರುವ ಮೈಕೈ ನೋವು, ಅದರಲ್ಲಿ ತಪ್ಪೇನಿಲ್ಲ. ತಪ್ಪು ಮಾಡಿದ್ದು ನಾನು. ಕ್ಲಾಸಿಗೆ ಐನೂರು ರೂಪಾಯಿ ಬಿದ್ದಿದೆ ಅಂತ ಮತ್ತೆ ಹೋದೆ. "ನೋವಿಗೆ ನೋವೇ ಮದ್ದು ಸಾರ್, ಲೂಸ್ ಆಗುತ್ತೆ" ಅಂತ ಇನ್ನೂ ಅರವತ್ತು ಮಾಡಿಸಿದ.

ಬುಧವಾರ ಬೆಳಿಗ್ಗೆ ಪ್ಯಾಂಟು ತೊಡೆಗೆ ಹತ್ತಲಿಲ್ಲ. ಎರಡೂ ತೊಡೆ ಊದಿ ಹಲಗೆಯ ಹಾಗೆ ಗಟ್ಟಿ. ಕಕ್ಕಸಿನಲ್ಲಿ ಕೂರೋಕೆ ಆಗದೆ ಗೋಡೆ ಹಿಡಿದು ನಿಂತಿದ್ದೆ, ಇನ್ನು ಹೆಚ್ಚು ಬಿಡಿಸಿ ಹೇಳುವುದು ಬೇಡ. ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ತರಿಸಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನುಂಗಿದೆ. ಸಂಜೆ ಮೂತ್ರದ ಬಣ್ಣ ನೋಡಿದರೆ ಫಿಲ್ಟರಿನಲ್ಲಿ ಇಳಿದ ಮೊದಲ ಡಿಕಾಕ್ಷನ್ ಇದ್ದ ಹಾಗೆ. ಅದೂ ಅರ್ಧ ಲೋಟದಷ್ಟು ಮಾತ್ರ.

ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ರೆಡಿ ಇರುತ್ತಲ್ಲ, "ಉಷ್ಣ ಆಗಿದೆ". ಅಮ್ಮ ಬಾರ್ಲಿ ನೀರು ಕಾಯಿಸಿದರು, ಹೆಂಡತಿ ಎಳನೀರು ತರಿಸಿದಳು. ರಾತ್ರಿಯೊಳಗೆ ಮೂರು ಎಳನೀರು ಕುಡಿದೆ. ಈ ಎಳನೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಗುರುವಾರ ಬೆಳಿಗ್ಗೆ ಲ್ಯಾಬಿಗೆ ನಾವೇ ಹೋಗಿ ರಕ್ತ, ಮೂತ್ರ ಕೊಟ್ಟೆವು. ಎಸ್‌ಜಿಒಟಿ, ಎಸ್‌ಜಿಪಿಟಿ ವಿಪರೀತ ಏರಿತ್ತು, ಲಿವರ್ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ ಅವು. ರಿಪೋರ್ಟ್ ನೋಡಿದ ಪಕ್ಕದ ಮನೆಯವರು "ಕಾಮಾಲೆ ಇದು, ಬೇರಿನ ಔಷಧಿ ಕೊಡೋರು ಒಬ್ಬರಿದ್ದಾರೆ, ಮೂರೇ ದಿನ" ಅಂದರು. ಮಾವ ಕಾರು ಹೊರಗೆ ತೆಗೆದೂ ಆಗಿತ್ತು. ಹೆಂಡತಿ ಮಾತ್ರ "ಮೊದಲು ಡಾಕ್ಟರ್ ಹತ್ರ, ಆಮೇಲೆ ಬೇರು" ಅಂತ ಹಟ ಹಿಡಿದಳು. ಅವಳು ಅವತ್ತು ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ.

ಡಾಕ್ಟರು ಮೂತ್ರದ ರಿಪೋರ್ಟಿನ ಎರಡು ಸಾಲಿನ ಮೇಲೆ ಬೆರಳಿಟ್ಟರು. ಪಟ್ಟಿ ಅದ್ದಿ ನೋಡಿದ ಪರೀಕ್ಷೆಯಲ್ಲಿ ರಕ್ತ ಇದೆ ಅಂತ ಬಂದಿದೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ರಕ್ತಕಣವೇ ಇಲ್ಲ. ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಹೊಸದಾಗಿ ಜಿಮ್ ಸೇರಿದ್ರಾ?"

ಸಿಪಿಕೆ ಅಂತ, ಸ್ನಾಯು ಎಷ್ಟು ಒಡೆದಿದೆ ಅಂತ ತೋರಿಸುವ ಒಂದು ರಕ್ತಪರೀಕ್ಷೆ ಬರೆದರು. ಸಾಮಾನ್ಯವಾಗಿ 200ರ ಆಸುಪಾಸಿನೊಳಗೆ ಇರಬೇಕಾದದ್ದು ನನಗೆ 38,400 ಇತ್ತು. ಮರುದಿನ 41,000. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.9, ಅದೂ ಜಾಸ್ತಿಯೇ.

ಕಾಯಿಲೆ ಹೆಸರು ರಾಬ್ಡೋಮಯೋಲಿಸಿಸ್. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕೆಲಸವೇ ಇಲ್ಲದೆ ಕೂತ ಸ್ನಾಯುವನ್ನು ಒಮ್ಮೆಲೇ ಮಿತಿಮೀರಿ ದುಡಿಸಿದರೆ ಅದರ ಕಣಗಳು ಒಡೆದು ಒಳಗಿನದೆಲ್ಲ ರಕ್ತಕ್ಕೆ ಸೋರುತ್ತೆ. ಬಸ್ಕಿಯಲ್ಲಿ ಏಳುವಾಗಿನದಕ್ಕಿಂತ ಇಳಿಯುವಾಗಿನ ಪೆಟ್ಟೇ ಸ್ನಾಯುವಿಗೆ ಜಾಸ್ತಿ. ಸೋರಿದ್ದರಲ್ಲಿ ಮಯೋಗ್ಲೋಬಿನ್ ಅನ್ನೋದೊಂದಿದೆ, ಡಿಕಾಕ್ಷನ್ ಬಣ್ಣ ಅದರದ್ದು, ಪರೀಕ್ಷೆಯ ಪಟ್ಟಿ ರಕ್ತ ಅಂತ ತೋರಿಸಿದ್ದೂ ಅದನ್ನೇ, ಕಿಡ್ನಿಯ ಸಣ್ಣ ನಾಳಗಳನ್ನು ಕೆಡಿಸುವುದೂ ಅದೇ. ಎಸ್‌ಜಿಒಟಿ ಏರಿದ್ದು ಲಿವರಿನಿಂದಲ್ಲ, ಅದು ಸ್ನಾಯುವಿನಲ್ಲೂ ಇರುತ್ತೆ. ಈ ಕಾಯಿಲೆ ಸರಿಯಾಗಿ ಬೆಳಕಿಗೆ ಬಂದದ್ದು ಎರಡನೇ ಮಹಾಯುದ್ಧದಲ್ಲಂತೆ. ಲಂಡನ್ ಮೇಲೆ ಬಾಂಬು ಬಿದ್ದಾಗ ಗೋಡೆ ಕೆಳಗೆ ಕೈಕಾಲು ಸಿಕ್ಕಿಕೊಂಡವರು ಹೊರಗೆ ತೆಗೆದ ಮೇಲೆ ಕಿಡ್ನಿ ನಿಂತು ಸಾಯುತ್ತಿದ್ದರು, ಬೈವಾಟರ್ಸ್ ಮತ್ತು ಬೀಲ್ ಅನ್ನುವವರು 1941ರಲ್ಲಿ ಅದನ್ನು ಬರೆದರು. ನಾನು ದುಡ್ಡು ಕೊಟ್ಟು ಗೋಡೆ ಬೀಳಿಸಿಕೊಂಡಿದ್ದೆ.

ಬೈಗುಳ ಬಿದ್ದಿದ್ದು ಮೂರಕ್ಕೆ. ಒಂದು ಡೈಕ್ಲೋಫಿನಾಕ್, ಮೈಯಲ್ಲಿ ನೀರು ಕಮ್ಮಿ ಇರುವಾಗ ಈ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಇನ್ನೊಂದು ಏಟು. ಎರಡನೆಯದು, ಕೊಲೆಸ್ಟ್ರಾಲಿಗೆ ನಾನು ಎರಡು ವರ್ಷದಿಂದ ಅಟೋರ್ವಾಸ್ಟಾಟಿನ್ ನುಂಗುತ್ತಿರುವುದನ್ನು ಜಿಮ್‌ನಲ್ಲಿ ಹೇಳದೇ ಇದ್ದದ್ದು. ಆ ಗುಂಪಿನ ಮಾತ್ರೆ ಅಪರೂಪಕ್ಕೆ ತಾನೇ ಸ್ನಾಯುವಿಗೆ ತೊಂದರೆ ಕೊಡುತ್ತೆ, ಜೊತೆಗೆ ಇಂಥ ವ್ಯಾಯಾಮ ಸೇರಿದರೆ ಕೇಳಲೇಬೇಡಿ. (ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನನಗೆ ನಿಲ್ಲಿಸಿದ್ದೂ ಮತ್ತೆ ಶುರು ಮಾಡಿದ್ದೂ ಡಾಕ್ಟರೇ.) ಮೂರನೆಯದು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಒಡೆದ ಸ್ನಾಯುವಿನಿಂದಲೂ ಪೊಟ್ಯಾಸಿಯಂ ಸುರಿಯುತ್ತಿರುತ್ತೆ, ಕಿಡ್ನಿ ಹೊರಗೆ ಹಾಕುತ್ತಿಲ್ಲ, ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಉಷ್ಣ ಅಂತ ಕುಡಿದ ಎಳನೀರು ಹಾರ್ಟಿಗೇ ಬರುತ್ತಿತ್ತು.

ಐದು ರಾತ್ರಿ ಡ್ರಿಪ್. ಹಗಲೂ ರಾತ್ರಿ ಸಲೈನ್ ಹರಿಸುವುದು, ಮೂತ್ರವನ್ನು ಅಳತೆಯ ಡಬ್ಬಿಗೆ ಹಿಡಿದು ನರ್ಸಮ್ಮ ಬರೆದುಕೊಳ್ಳುವುದು, ಇಷ್ಟೇ ಚಿಕಿತ್ಸೆ. ಬಣ್ಣ ಡಿಕಾಕ್ಷನ್‌ನಿಂದ ಚಹಾಕ್ಕೆ, ಚಹಾದಿಂದ ನಿಂಬೆ ಶರಬತ್ತಿಗೆ ಬಂತು. ಡಯಾಲಿಸಿಸ್ ಬೇಕಾಗಲಿಲ್ಲ. ಸಿಪಿಕೆ 5,200ಕ್ಕೆ ಇಳಿದ ಮೇಲೆ ಮಂಗಳವಾರ ಮನೆಗೆ ಕಳಿಸಿದರು. ಬಿಲ್ಲು 62,000.

ಭಾನುವಾರ ಆ ಟ್ರೇನರ್ ಹುಡುಗ ನೋಡೋಕೆ ಬಂದ. ಕೈಯಲ್ಲಿ ಎರಡು ಎಳನೀರು! ನರ್ಸಮ್ಮ ಬಾಗಿಲಲ್ಲೇ ಕಿತ್ತುಕೊಂಡರು. ಪಾಪ, ಮುಖ ಸಪ್ಪಗಾಗಿ ಸ್ಟೂಲಿನ ಮೇಲೆ ಕೂತು, "ಸಾರ್, ಹಿಂಗೂ ಆಗುತ್ತೆ ಅಂತ ನನಗೆ ಯಾರೂ ಹೇಳ್ಕೊಟ್ಟಿಲ್ಲ. ನನಗೂ ಫಸ್ಟ್ ಡೇ ಹಿಂಗೇ ಮಾಡ್ಸಿದ್ರು" ಅಂದ. ಅವನಿಗೆ ಸಂಬಳ ಕಮ್ಮಿ, ಪರ್ಸನಲ್ ಟ್ರೇನಿಂಗ್ ಗಿರಾಕಿ ಹಿಡಿದರೆ ಕಮಿಷನ್. ಮೊದಲ ದಿನವೇ ಬೆವರಿಳಿಸಿ ಸುಸ್ತು ಮಾಡದಿದ್ದರೆ ಜನ "ಏನೂ ಮಾಡಿಸಲ್ಲ" ಅಂತ ಮ್ಯಾನೇಜರಿಗೆ ದೂರು ಹೇಳುತ್ತಾರಂತೆ. ನನ್ನ ಸಿಟ್ಟು ಆ ಹುಡುಗನ ಮೇಲಿಲ್ಲ. ಅವನ ಕೈಗೆ 92 ಕೆಜಿಯ ಮನುಷ್ಯನನ್ನು ಕೊಟ್ಟು, ಒಂದು ಫಾರಂ ತುಂಬಿಸುವಷ್ಟೂ ಪುರಸೊತ್ತಿಲ್ಲದೆ ಕೌಂಟರಿನಲ್ಲಿ ಕೂತವರ ಮೇಲೆ.

ನಾನು ದುಡ್ಡು ವಾಪಸ್ ಕೇಳಿದಾಗ ಜಿಮ್ ಕೌಂಟರಿನವರು ರಸೀದಿಯ ಹಿಂಬದಿ ತೋರಿಸಿದರು, ಇರುವೆ ಸಾಲಿನಂಥ ಅಕ್ಷರದಲ್ಲಿ "ಹಣ ಹಿಂದಿರುಗಿಸಲಾಗುವುದಿಲ್ಲ". ಬೇಕಾದರೆ ಒಂದು ತಿಂಗಳು "ಫ್ರೀಜ್" ಮಾಡಿಕೊಡುತ್ತಾರಂತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ರಸೀದಿ, ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಹಾಕಿ ದೂರು ಕೊಟ್ಟೆ. ಮೂರು ವಾರಕ್ಕೆ ಪರ್ಸನಲ್ ಟ್ರೇನಿಂಗಿನ 5,000 ಬಂತು.

ನಮ್ಮ ಬೀದಿಯಲ್ಲಿ ಚಿಕ್ಕಂದಿನಲ್ಲಿ ಗರಡಿಗೆ ಹೋಗುತ್ತಿದ್ದ ಅಜ್ಜ ಒಬ್ಬರಿದ್ದಾರೆ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. "ನಮ್ಮ ಉಸ್ತಾದರು ಮೊದಲ ಹದಿನೈದು ದಿನ ಮಣ್ಣು ಹದ ಮಾಡಿಸಿದ್ರು ಕಣಪ್ಪಾ. ಆಮೇಲೆ ಹತ್ತು ಬಸ್ಕಿ. ಹನ್ನೊಂದನೇದು ಹೊಡೆದ್ರೆ ಬೆನ್ನಿಗೆ ಬೀಳೋದು." ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಮೊದಲ ಸಲ ಹಗುರಾಗಿ ಮಾಡಿ ಬಿಟ್ಟರೆ ಅಷ್ಟಕ್ಕೇ ಸ್ನಾಯು ಗಟ್ಟಿಯಾಗಿ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ಪೆಟ್ಟು ತಿನ್ನುವುದಿಲ್ಲ, ಉಸ್ತಾದರ ಲೆಕ್ಕ ಸರಿಯಾಗೇ ಇದೆ ಅಂದರು.

ಹೊಸದಾಗಿ ಸೇರುವವರು ಮೊದಲೆರಡು ವಾರ ಪ್ರತಿ ವ್ಯಾಯಾಮಕ್ಕೂ ಒಂದೇ ಸೆಟ್ ಕೇಳಿ ತಗೊಳ್ಳಿ, ಇನ್ನೂ ಮಾಡಬಹುದಿತ್ತು ಅನ್ನಿಸುವಾಗಲೇ ಇಳಿದು ಬನ್ನಿ, ಟ್ರೇನರ್ ಮುಖ ಸಿಂಡರಿಸಲಿ. ವರ್ಷದ ದುಡ್ಡು ಕಟ್ಟಬೇಡಿ, ತಿಂಗಳದ್ದು ಕಟ್ಟಿ. ಕಟ್ಟಿದ ದುಡ್ಡೇ ಮಂಗಳವಾರ ನನ್ನನ್ನು ಮತ್ತೆ ಎಳೆದುಕೊಂಡು ಹೋದದ್ದು. ಮೈ ಊದಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಬಾರ್ಲಿ ನೀರು, ಬೇರು, ಗೂಗಲ್ ಯಾವುದೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ "ಜಿಮ್ ಮಾಡಿದ್ದೆ, ಸಿಪಿಕೆ ನೋಡಿ" ಅಂತ ಬಾಯಿಬಿಟ್ಟು ಹೇಳಿ.

ಉಳಿದ 14,000ಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.