ಬಾಡಿಗೆ ಮನೆಯ ಬೋಳು ಗೋಡೆಗೆ ಯಾವುದು: ಸ್ಟಿಕ್ಕರ್, ಪೇಂಟ್, ಇಲ್ಲ ಖಣ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಟ್ಟೆಗೆ. ಸ್ಟಿಕ್ಕರ್ ವಾಲ್‌ಪೇಪರ್ ಅಂಟಿಸಿ ನೋಡಿದ್ದೇನೆ, ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ ಬಳಿದು ನೋಡಿದ್ದೇನೆ, ಈಗ ಗುಳೇದಗುಡ್ಡದ ಖಣದ ಬಟ್ಟೆ ಇಳಿಬಿಟ್ಟಿದ್ದೇನೆ. ಮೂರೂ ಬೆಂಗಳೂರಿನ ಬಾಡಿಗೆ ಮನೆಗಳಲ್ಲೇ. ಸ್ವಂತ ಮನೆ ಇರುವವರ ಲೆಕ್ಕಾಚಾರವೇ ಬೇರೆ, ಅವರು ಪೇಂಟ್ ವಿಷಯ ಮಾತ್ರ ಓದಿಕೊಂಡರೆ ಸಾಕು.

ನಾನು ಹೇಳುತ್ತಿರುವುದು ಒಂದೇ ಒಂದು ಗೋಡೆಯ ಬಗ್ಗೆ. ಬಾಗಿಲು ತೆಗೆದ ತಕ್ಷಣ ಕಾಣುತ್ತಲ್ಲ, ಸೋಫಾ ಹಿಂದಿನದು, ಅದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ನಾಲ್ಕು ಗೋಡೆಗೂ ಹಂಚಿದರೆ ಎಲ್ಲೂ ಕಾಣುವುದಿಲ್ಲ. ಇದೊಂದಕ್ಕೇ ಹಾಕಿದರೆ ಬಂದವರು 'ಮನೆ ಚೆನ್ನಾಗಿ ಮಾಡ್ಕೊಂಡಿದೀರಿ' ಅನ್ನುತ್ತಾರೆ, ಉಳಿದ ಮೂರರ ಕಡೆ ಯಾರೂ ನೋಡುವುದಿಲ್ಲ. ನಮ್ಮ ಬಜೆಟ್ಟು ₹3,000. ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂತ ನಮ್ಮನೆಯವರು ಹೇಳಿಯಾಗಿತ್ತು.

ಬೆಂಗಳೂರಿನ ಬಾಡಿಗೆ ಪದ್ಧತಿ ಗೊತ್ತಲ್ವಾ. ಹತ್ತು ತಿಂಗಳ ಅಡ್ವಾನ್ಸ್ ಈಗ ಎಷ್ಟೋ ಕಡೆ ಕಮ್ಮಿ ಆಗಿದೆ, ಆದರೆ ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾತ್ರ ಹಾಗೇ ಇದೆ. ಹನ್ನೊಂದು ತಿಂಗಳ ಅಗ್ರಿಮೆಂಟು, ಆಮೇಲೆ ಬಾಡಿಗೆ ಏರಿಕೆ, ಆಗದಿದ್ದರೆ ಗಂಟು ಮೂಟೆ. ಹಾಗಾಗಿ ಗೋಡೆಗೆ ಏನೇ ಮಾಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಬಿಡುವಾಗ ಅದು ನಮ್ಮ ಜೊತೆ ಬರುತ್ತದಾ? ಓನರ್‌ಗೆ ಇನ್ನೊಂದು ನೆಪ ಕೊಡುತ್ತದಾ?

ಸ್ಟಿಕ್ಕರ್ ಎರಡರಲ್ಲೂ ಫೇಲು.

ಫೋಟೋದಲ್ಲಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಹಿಂದಿನ ಹಾಳೆ ಕಿತ್ತು ಅಂಟಿಸಿದರಾಯಿತು, ಬೇಡ ಅಂದಾಗ ಬಿಚ್ಚಿದರಾಯಿತು. ನಾವು ಆನ್‌ಲೈನಲ್ಲಿ ತರಿಸಿದ್ದು ಬಾಳೆಲೆ ಡಿಸೈನು. ರೋಲಿನ ಅಗಲ 45 ಸೆಂಟಿಮೀಟರ್, ಉದ್ದ 10 ಮೀಟರ್. ಅಳತೆ ಹಾಕಿದರೆ ಎರಡು ರೋಲು ಸಾಕು ಅನ್ನಿಸುತ್ತದೆ, ಸಾಲುವುದಿಲ್ಲ. ಗೋಡೆಯ ಎತ್ತರ ಒಂಬತ್ತಡಿ, ಎಲೆಗೆ ಎಲೆ ಕೂಡಿಸಬೇಕಾದ್ದರಿಂದ ಒಂದು ರೋಲಿಗೆ ಮೂರೇ ಪಟ್ಟಿ ಬರುತ್ತದೆ. ಹತ್ತಡಿ ಗೋಡೆಗೆ ಏಳು ಪಟ್ಟಿ ಬೇಕು. ಅಂದರೆ ಮೂರು ರೋಲು, ₹2,100. ಮೂಲೆಯಿಂದ ಶುರು ಮಾಡಿದರೆ ಇನ್ನೊಂದು ತಮಾಷೆ. ಬಾಡಿಗೆಗೆ ಅಂತ ಕಟ್ಟಿದ ಮನೆಗಳಲ್ಲಿ ಮೂಲೆ ನೇರ ಇರುವುದು ಅಪರೂಪ. ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು, ಪೆನ್ಸಿಲಲ್ಲಿ ಗೆರೆ ಹಾಕಿಕೊಂಡು ಅಲ್ಲಿಂದ ಅಂಟಿಸಬೇಕು. ಅದನ್ನೂ ಮಾಡಿದೆವು. ಒಂದೇ ಒಂದು ಗುಳ್ಳೆ ಇಲ್ಲದ ಹಾಗೆ ಕೂರಿಸಿದೆವು. ನೋಡಲು ನಿಜಕ್ಕೂ ಚೆನ್ನಾಗಿತ್ತು.

ಜೂನ್ ಮಳೆ ಶುರುವಾಯಿತು. ಒಂದು ರಾತ್ರಿ ಲೈಟ್ ಆರಿಸಿ ಮಲಗಿದ ಮೇಲೆ ಹಾಲಿನಿಂದ ಚರ್... ಚರ್... ಅಂತ ಸದ್ದು. ಹಲ್ಲಿ ಇರಬೇಕು ಅಂದುಕೊಂಡೆವು. ಬೆಳಗ್ಗೆ ಎದ್ದು ನೋಡಿದರೆ ಮಧ್ಯದ ಪಟ್ಟಿ ಮೇಲಿನಿಂದ ಬಿಟ್ಟುಕೊಂಡು ಸೋಫಾ ಮೇಲೆ ಮಡಚಿ ಬಿದ್ದಿತ್ತು. ಅದರ ಹಿಂಬದಿ ರವೆಯಲ್ಲಿ ಹೊರಳಿಸಿದ ಹಾಗೆ ಪೂರ್ತಿ ಬಿಳಿ ಪುಡಿ. ಅಂಟು ಚೆನ್ನಾಗಿಯೇ ಹಿಡಿದಿತ್ತು, ಆದರೆ ಅದು ಹಿಡಿದುಕೊಂಡಿದ್ದು ಡಿಸ್ಟೆಂಪರನ್ನು. ಡಿಸ್ಟೆಂಪರು ಗೋಡೆಯನ್ನು ಬಿಟ್ಟಿತ್ತು.

ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಬಳಿದಿರುವುದು ಕಮ್ಮಿ ರೇಟಿನ ಡಿಸ್ಟೆಂಪರು. ಅದರಲ್ಲಿ ಸೀಮೆಸುಣ್ಣದ ಪುಡಿ ಜಾಸ್ತಿ, ಅದನ್ನು ಹಿಡಿದಿಡುವ ಅಂಟು ಕಮ್ಮಿ. ಅಂಗೈ ಒತ್ತಿ ಗೋಡೆ ಮೇಲೆ ಒಮ್ಮೆ ಉಜ್ಜಿ ನೋಡಿ. ಕೈಗೆ ಬಿಳಿ ಹತ್ತಿದರೆ ಆ ಗೋಡೆಗೆ ಯಾವ ಸ್ಟಿಕ್ಕರೂ ನಿಲ್ಲುವುದಿಲ್ಲ, ಅಂಟಿಸುವ ಹುಕ್ಕು ಕೂಡ ನಿಲ್ಲುವುದಿಲ್ಲ. ನಮ್ಮ ಗೋಡೆಯ ಆ ಕಡೆ ಬಾತ್‌ರೂಮು ಬೇರೆ. ಪ್ಲಾಸ್ಟಿಕ್ ಹಾಳೆ ಉಸಿರಾಡುವುದಿಲ್ಲ, ಒಳಗಿನ ತೇವ ಹೊರಗೆ ಬರಲಾಗದೆ ಹಾಳೆ ಹಿಂದೆಯೇ ಕೂರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಕಪ್ಪು ಬೂಷ್ಟು, ಹಾಲ್ ತುಂಬ ಮುಗ್ಗಲು ವಾಸನೆ.

ಬಿಚ್ಚುವಾಗ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ. ಸ್ವಿಚ್ ಬೋರ್ಡಿನ ಹತ್ತಿರ ಯಾರೋ ಹಿಂದೆ ಎಮಲ್ಷನ್, ಅಂದರೆ ಪುಡಿ ಉದುರದ ಗಟ್ಟಿ ಪೇಂಟು, ಹಚ್ಚಿದ್ದರು. ಅಲ್ಲಿ ಹಾಳೆ ಎಷ್ಟು ಗಟ್ಟಿ ಕೂತಿತ್ತು ಅಂದರೆ ಎಳೆದರೆ ಪೇಂಟಿನ ಕೆಳಗೆ ಬಳಿದ ಪುಟ್ಟಿ ಸಮೇತ ಬಂತು. ಹೇರ್ ಡ್ರೈಯರ್ ಬಿಸಿ ಗಾಳಿ ಕೊಟ್ಟು, ಹಾಳೆಯನ್ನು ಗೋಡೆಗೆ ತಾಗಿಸಿಕೊಂಡೇ ನಿಧಾನಕ್ಕೆ ಕೆಳಗೆ ಎಳೆದರೆ ಸ್ವಲ್ಪ ಉಳಿಯುತ್ತದೆ. ಸ್ವಲ್ಪ ಅಷ್ಟೇ. ಅಂಗೈ ಅಗಲದ ತೇಪೆಗಳಲ್ಲಿ ಸಿಮೆಂಟು ಕಾಣುತ್ತಿತ್ತು. ಓನರ್ ಬಂದು ನೋಡಿದರು.

'ಏನಮ್ಮಾ ಇದು, ನಾನು ಮನೆ ಕೊಟ್ಟಾಗ ಹಿಂಗಿತ್ತಾ?'

'ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಹಿಡೀತೀರಲ್ಲ ಅಂಕಲ್.'

'ಅದು ಪೇಂಟಿಂಗ್‌ಗೆ. ಪುಟ್ಟಿ ಬೇರೆ.'

ಪುಟ್ಟಿಗೆ ಅಂತ ಹಿಡಿದ ದುಡ್ಡು ಸ್ಟಿಕ್ಕರಿಗಿಂತ ಜಾಸ್ತಿ. ಇದರ ಬಗ್ಗೆ ಇನ್ನೂ ಬರೆಯಬಲ್ಲೆ, ಬಿಪಿ ಏರುತ್ತದೆ, ಬೇಡ.

ಪೇಂಟ್ ಒಳ್ಳೆಯದೇ. ನೋಡಲು ಮೂರರಲ್ಲಿ ಅದೇ ಅಚ್ಚುಕಟ್ಟು. ಅಂಗಡಿಯಲ್ಲಿ ಶೇಡ್ ಕಾರ್ಡು ನೋಡಿ ನಂಬರ್ ಹೇಳಿದರೆ ಮೆಷಿನಲ್ಲಿ ಕಲಸಿ ಕೊಡುತ್ತಾರೆ. ಆ ನಂಬರು ಬರೆದಿಟ್ಟುಕೊಳ್ಳಿ, ಆಮೇಲೆ ತೇಪೆ ಹಚ್ಚಲು ಬೇಕಾಗುತ್ತದೆ. ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ ಹಚ್ಚಲು ಸುಮಾರು 120 ಚದರಡಿಗೆ ಬರುತ್ತದೆ. ನಮ್ಮ 90 ಚದರಡಿ ಗೋಡೆಗೆ ಎರಡು ಕೋಟು ಅಂದರೆ ಎರಡು ಲೀಟರ್ ತಂದರೆ ಧಾರಾಳ. ಒಂದು ಗೋಡೆಗೆ ಅಂದರೆ ಪೇಂಟರ್ ಯಾರೂ ಬರುವುದಿಲ್ಲ, 'ಪೂರ್ತಿ ಮನೆ ಇದ್ರೆ ಹೇಳಿ ಮೇಡಂ' ಅನ್ನುತ್ತಾರೆ. ನಾವೇ ರೋಲರ್ ಹಿಡಿದೆವು. ಹಳೇ ಡಿಸ್ಟೆಂಪರ್ ಕೆರೆದು, ಉಪ್ಪುಕಾಗದ ಉಜ್ಜಿ, ಪ್ರೈಮರ್ ಹೊಡೆದು ಆಮೇಲೆ ಬಣ್ಣ. ಕೆರೆಯುವ ಕೆಲಸ ಬಿಟ್ಟರೆ ಎಮಲ್ಷನ್ನೂ ಸಿಪ್ಪೆ ಎದ್ದುಬಿಡುತ್ತದೆ, ಕಾರಣ ಅದೇ ಪುಡಿ. ಎಲ್ಲಾ ಸೇರಿ ₹1,700 ಹತ್ತಿರ ಆಯಿತು.

ತಕರಾರು ಬೆಳಕಿನದು. ನಮ್ಮದು ಮೊದಲನೇ ಮಹಡಿ, ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆ ಗೋಡೆ ಸಿಗುತ್ತದೆ. ಹಚ್ಚಿದ್ದು ಇಟ್ಟಿಗೆ ಕೆಂಪು. ಶೇಡ್ ಕಾರ್ಡಿನ ಬೆರಳಗಲದ ಚೌಕದಲ್ಲಿ ಅಷ್ಟು ಚೆಂದ ಕಂಡ ಬಣ್ಣ ಗೋಡೆ ತುಂಬ ಬಂದಾಗ ಇದ್ದ ಬೆಳಕನ್ನೂ ನುಂಗಿತು. ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕಾಯಿತು. ಬಿಸಿಲು ಬೀಳುವ ಮನೆಯಾದರೆ ಈ ಗೋಳಿಲ್ಲ. ಇನ್ನು ಮನೆ ಬಿಡುವಾಗ ಆ ಕೆಂಪು ಮುಚ್ಚಲು ಬಿಳಿ ಮೂರು ಕೋಟು ಬೇಕು. ಆ ಬಿಳಿಯ ಖರ್ಚೂ ನಮ್ಮದೇ.

ಈಗ ಖಣ.

ಖಣ ಅಂದರೆ ಗೊತ್ತೇ ಇದೆ, ಉತ್ತರ ಕರ್ನಾಟಕದ ಕುಪ್ಪಸದ ಬಟ್ಟೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ್ದು, ಭೌಗೋಳಿಕ ಸೂಚಕ ಮಾನ್ಯತೆ ಇರುವ ಬಟ್ಟೆ. ಎರಡೂ ಬದಿಗೆ ಅಂಚು, ಮೈತುಂಬ ಸಣ್ಣ ಬುಟ್ಟಾ. ಉದ್ದದ ಎಳೆಗೆ (ಹಾಸು) ಒಂದು ಬಣ್ಣ, ಅಡ್ಡ ಎಳೆಗೆ (ಹೊಕ್ಕು) ಇನ್ನೊಂದು. ಅದಕ್ಕೇ ನೇರಕ್ಕೆ ನಿಂತು ನೋಡಿದರೆ ನೇರಳೆ ಕಾಣುವುದು ಪಕ್ಕಕ್ಕೆ ಸರಿದರೆ ಹಸಿರು ಹೊಡೆಯುತ್ತದೆ. ಫ್ಯಾನ್ ಗಾಳಿಗೆ ಸ್ವಲ್ಪ ಅಲುಗಿದರೂ ಈ ಬಣ್ಣದಾಟ ನಡೆಯುತ್ತಲೇ ಇರುತ್ತದೆ. ಪೇಂಟು ಎಷ್ಟೇ ದುಬಾರಿ ಇರಲಿ, ಇದನ್ನು ಮಾಡಲಾರದು. ಹೊಳಪು ಇರುವುದರಿಂದ ಇದ್ದ ಬೆಳಕನ್ನೂ ವಾಪಸ್ ಕೊಡುತ್ತದೆ, ನಮ್ಮಂಥ ಕತ್ತಲೆ ಹಾಲಿಗೆ ಅದೇ ಬೇಕಿತ್ತು.

ತಂದಿದ್ದು ಚಿಕ್ಕಪೇಟೆಯಿಂದ. ಮೆಟ್ರೋ ಇಳಿದು ಗಲ್ಲಿಗಳಲ್ಲಿ ಸುಮ್ನೆ ನಡೆದರೆ ಸಾಕು, ಅವೆನ್ಯೂ ರೋಡ್ ಮುಟ್ಟುವಷ್ಟರಲ್ಲಿ ಕೈಯಲ್ಲಿ ಚೀಲ ಇರುತ್ತದೆ. ಕುಪ್ಪಸದ ಪೀಸು ಕೇಳಬೇಡಿ, ಥಾನಿನಿಂದ ಕತ್ತರಿಸಿ ಕೊಡಿ ಅನ್ನಿ. ನಾನು ಕೊಂಡಿದ್ದು ಪವರ್‌ಲೂಮಿನದು, ಮೀಟರಿಗೆ ₹180. ಕೈಮಗ್ಗದ್ದು ಮುಟ್ಟಿದರೇ ಗೊತ್ತಾಗುತ್ತದೆ, ರೇಟೂ ಹಾಗೇ ಇದೆ. ಸಂಬಳ ಏರಿದಾಗ ನೋಡೋಣ.

ಖಣದ ಅಗಲ ಕಮ್ಮಿ, ಅದೊಂದು ನೆನಪಿರಲಿ. ಒಂದೇ ಪಟ್ಟಿ ಸೋಫಾ ಹಿಂದೆ ಟವೆಲ್ ಒಣಹಾಕಿದ ಹಾಗೆ ಕಾಣುತ್ತದೆ. ಎರಡು ಪಟ್ಟಿ ಜೋಡಿಸಿ, ಅಂಚಿಗೆ ಅಂಚು ಕೂಡಿಸಿ ಹೊಲಿಸಬೇಕು. ಆಗ ನಡುವೆ ದಪ್ಪ ಅಂಚು ಬಂದು ಅದೇ ಒಂದು ಡಿಸೈನ್ ಆಗುತ್ತದೆ. ಏಳಡಿ ಇಳಿಬೀಳಲು ಮಡಿಕೆ ಸೇರಿ ಐದು ಮೀಟರ್ ಹಿಡಿಯಿತು. ಹಿಂದೆ ಕಾಟನ್ ಲೈನಿಂಗ್ ಕೊಡಿಸಿದರೆ ಬಟ್ಟೆ ಸುಕ್ಕಾಗದೆ ನೇರ ನಿಲ್ಲುತ್ತದೆ. ಲೈನಿಂಗನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮುಂದಿನ ಬಟ್ಟೆ ಜೋಲುತ್ತದೆ. ಹೊಲಿಯಲು ಟೈಲರ್ ಬೊಟಿಕ್ ಬೇಡ. ಬೀದಿಯಲ್ಲಿ ಸೀರೆಗೆ ಫಾಲ್, ಜಿಗ್‌ಜಾಗ್ ಮಾಡಿಕೊಡುವವರು ₹250ಕ್ಕೆ ಮುಗಿಸಿದರು. ಮೇಲೆ ಕೆಳಗೆ ಎರಡೂ ಕಡೆ ಪೈಪು ತೂರುವಷ್ಟು ಮಡಿಕೆ ಬಿಡಿಸಿಕೊಳ್ಳಿ.

ಪೈಪು ಅಂದರೆ ಕರ್ಟನ್ ರಾಡ್ ಅಲ್ಲ. ವೈರಿಂಗ್ ಮಾಡುವಾಗ ಗೋಡೆಯಲ್ಲಿ ಹೂಳುತ್ತಾರಲ್ಲ, ಕಂಡ್ಯೂಟ್ ಪೈಪು, ಅದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹತ್ತಡಿ ಉದ್ದದ್ದು ಸಿಗುತ್ತದೆ, ಅರ್ಧಕ್ಕೆ ಕತ್ತರಿಸಿದರೆ ಮೇಲಕ್ಕೊಂದು ಕೆಳಗೊಂದು. ಕೆಳಗಿನದು ಭಾರಕ್ಕೆ. ಓನರ್ ಆಂಟಿಯನ್ನು ಕೇಳಿ ಎರಡೇ ಎರಡು ಸ್ಟೀಲ್ ಮೊಳೆ ಹೊಡೆದೆವು. ಬಿಡುವಾಗ ಚಿಟಿಕೆ ವೈಟ್ ಸಿಮೆಂಟ್ ತುಂಬಿದರೆ ತೂತು ಕಾಣುವುದಿಲ್ಲ. ಬಟ್ಟೆ, ಲೈನಿಂಗ್, ಹೊಲಿಗೆ, ಪೈಪು ಎಲ್ಲಾ ಸೇರಿ ₹1,600.

ಧೂಳು ಹಿಡಿಯುತ್ತದೆ. ಬೆಂಗಳೂರಿನ ರಸ್ತೆ ಅಗೆತ ನಿಲ್ಲುವ ತನಕ ಹಿಡಿಯುತ್ತಲೇ ಇರುತ್ತದೆ, ಇಳಿಸಿ ಕೊಡವಿ ಹಾಕಬೇಕು. ಹಲ್ಲಿ ಹಿಂದೆ ಸೇರಿಕೊಳ್ಳುತ್ತದೆ. ನನಗೆ ಪರವಾಗಿಲ್ಲ, ಮಗಳಿಗೆ ಆಗುವುದಿಲ್ಲ.

ನವಲಗುಂದದ ಜಮಖಾನವನ್ನೂ ಇದೇ ರೀತಿ ತೂಗುಹಾಕಲು ನೋಡಿದೆವು. ಅದರ ಭಾರಕ್ಕೆ ಕಂಡ್ಯೂಟ್ ಪೈಪು ಬಿಲ್ಲಿನಂತೆ ಬಗ್ಗಿತು, ನೆಲಕ್ಕೇ ಹಾಸಿದೆವು. ಚೆನ್ನಾಗಿದೆ. ಅಮ್ಮ ಕೊಟ್ಟ ಇಳಕಲ್ ಸೀರೆಯ ಕೆಂಪು ಸೆರಗು ಗೋಡೆಗೆ ಬಲು ಚೆಂದ ಕಾಣುತ್ತದೆ ಅನ್ನುವುದು ನಿಜ, ಆದರೆ ಉಡುವ ಸೀರೆಗೆ ಕತ್ತರಿ ಹಾಕಲು ನನಗೆ ಮನಸ್ಸಿಲ್ಲ. ಬಟ್ಟೆ ಬೇಡ, ಚಿತ್ರವೇ ಬೇಕು ಅನ್ನುವವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ. ಕಲಾವಿದರೇ ಮಾರಲು ನಿಂತಿರುತ್ತಾರೆ, ಇದೇ ದುಡ್ಡಿಗೆ ಕೈಯಲ್ಲಿ ಬರೆದ ಚಿತ್ರವೂ ಸಿಗುತ್ತದೆ.

ನಾವು ಮನೆ ಬದಲಿಸುವ ಜನ. ನನಗೆ ಸಂಕ್ರಾಂತಿಗೊಂದು, ದೀಪಾವಳಿಗೊಂದು ಗೋಡೆ ಬದಲಾದರೆ ಖುಷಿ, ನಮ್ಮನೆಯವರಿಗೆ ಖರ್ಚಾಗದಿದ್ದರೆ ಖುಷಿ. ಖಣ ಮಡಚಿದರೆ ಒಂದು ಸೀರೆಯಷ್ಟೂ ಜಾಗ ಬೇಡ. ಪೈಪು ಇದ್ದೇ ಇದೆ, ಬಟ್ಟೆ ಬದಲಿಸಿದರೆ ಮುಗಿಯಿತು. ಸ್ವಂತ ಮನೆ, ಬಿಸಿಲು ಬೀಳುವ ಹಾಲು ಇದ್ದಿದ್ದರೆ ಕಣ್ಣು ಮುಚ್ಚಿ ಪೇಂಟ್ ಮಾಡಿಸುತ್ತಿದ್ದೆ.

ಮೂರನೇ ರೋಲಿನಲ್ಲಿ ಉಳಿದ ಎರಡು ಪಟ್ಟಿ ಬಾಳೆಲೆಯನ್ನು ಹಳೇ ಕಬ್ಬಿಣದ ಬೀರುವಿನ ಬಾಗಿಲಿಗೆ ಅಂಟಿಸಿದೆ. ಅಲ್ಲಿ ಪುಡಿಯೂ ಇಲ್ಲ, ಥಂಡಿಯೂ ಇಲ್ಲ, ಇವತ್ತಿಗೂ ಒಂದು ತುದಿ ಎದ್ದಿಲ್ಲ. ಸ್ಟಿಕ್ಕರ್ ಕೊಳ್ಳಲೇಬೇಕು ಅಂತಿದ್ದರೆ ಒಂದೇ ರೋಲು ತಂದು ಬೀರುವಿಗೋ ಫ್ರಿಜ್ಜಿಗೋ ಹಾಕಿ.