ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗು, ಕಂಸಾಳೆ: ಎರಡು ವರ್ಷ ನೋಡಿದ ಮೇಲೆ

‘ಸರ್ಕಾರಿ ಸ್ಕೂಲಲ್ಲಿ ಡ್ರಾಯಿಂಗು, ಡ್ಯಾನ್ಸು ಎಲ್ಲಾ ಹೇಳ್ಕೊಡ್ತಾರಾ ಅಕ್ಕ?’ ಅಂತ ಬ್ಲೌಸ್ ಹೊಲಿಸಲು ಬರುವವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಮೈಸೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು ಮುಗಿಸಿದ್ದಾಳೆ. ಶಾಲೆಯ ಹೆಸರು ಬೇಡ, ಸ್ವಲ್ಪ ದೂರುವುದೂ ಇದೆ.

ಡ್ರಾಯಿಂಗಿಗೆ ಪೂರ್ತಿ ಮಾರ್ಕ್ಸ್. ಮೇಷ್ಟ್ರು ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬು, ಅದರ ಕೆಳಗೆ ಒಂದು ಟವೆಲ್ ಇಟ್ಟು ಬರೆಸುತ್ತಾರೆ. ಎಂಟನೇ ಕ್ಲಾಸಿನಲ್ಲಿ ಇವಳು ಬರೆದ ಟವೆಲಿನ ಮಡಿಕೆಗಳು ಬಾಚಣಿಗೆ ಹಲ್ಲಿನ ಹಾಗಿದ್ದವು. ಈಗ ಸ್ಟೂಲಿನ ಮೂಲೆಯಿಂದ ಶುರುವಾಗಿ ಕೆಳಗಿಳಿಯುತ್ತವೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿರುತ್ತದೋ ಅಲ್ಲಿಂದಲೇ ಅಲ್ವಾ ಮಡಿಕೆ ಹೊರಡೋದು? ನಾನು ಅದನ್ನು ಕಲಿತಿದ್ದು ಹೊಲಿಗೆ ಮೆಷಿನ್ ಮುಂದೆ ಕೂತು.

ಒಂದು ಶನಿವಾರ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಗೂ ಕರೆದುಕೊಂಡು ಹೋಗಿದ್ದರು. ಹಲ್ದಣಕರ್ ಅವರ, ದೀಪಕ್ಕೆ ಕೈ ಅಡ್ಡ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ಆಯಿಲ್ ಪೇಂಟಿಂಗ್ ಅಲ್ಲ, ವಾಟರ್ ಕಲರ್ ಅಂತ ನನಗೆ ಗೊತ್ತಾಗಿದ್ದು ಮಗಳಿಂದ. ಅವತ್ತು ರಾತ್ರಿ ಮೊಬೈಲ್ ಟಾರ್ಚಿಗೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯ ಕೆಂಪು ನೋಡುತ್ತಾ ಕೂತಿದ್ದಳು. ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಕಂಸಾಳೆ, ಅಂದರೆ ತಾಳ ಬಡಿಯುತ್ತಾ ಕುಣಿಯುವ ಜಾನಪದ ಕುಣಿತ, ಕಲಿಸುವುದು ಪಿ.ಟಿ. ಮೇಷ್ಟ್ರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮೊದಲ ವಾರ ಬೆರಳ ಗಂಟಿಗೆ ಏಟು ಬಿದ್ದು ಬಿದ್ದು ಅರಿಶಿನ ಹಚ್ಚಿದ್ದೇ ಹಚ್ಚಿದ್ದು. ಆಮೇಲೆ ಕೈಗೆ ಲಯ ಕೂತಿತು. ಆದರೆ ಇದೆಲ್ಲ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರ ಬಂದಾಗ ಮಾತ್ರ. ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಮಟ್ಟದಲ್ಲಿ ಗೆದ್ದು ತಾಲ್ಲೂಕಿನಲ್ಲಿ ಸೋತರು, ಅಲ್ಲಿಗೆ ತಾಳ ಬೀರು ಸೇರಿತು. ಡ್ರೆಸ್ಸಿಗೆ ಒಬ್ಬೊಬ್ಬರಿಂದ 200 ರೂಪಾಯಿ ಬಾಡಿಗೆ ತೆಗೆದುಕೊಂಡರು. ಬಂದ ಪೇಟಗಳು ಬಿಚ್ಚಿಹೋಗಿದ್ದವು, ರಾತ್ರಿ ಕೂತು ನಾನೇ ಟಾಕು ಹಾಕಿದೆ.

ಸಂಗೀತಕ್ಕೆ ಮೇಷ್ಟ್ರೇ ಇಲ್ಲ. ನಾಟಕವೂ ಇಲ್ಲ. 1989ರಿಂದ ರಂಗಾಯಣದಂಥ ನಾಟಕ ಸಂಸ್ಥೆ ಇರುವ ಊರಿನಲ್ಲಿ ಎರಡು ವರ್ಷಕ್ಕೆ ಒಂದು ಸಲವೂ ಮಕ್ಕಳಿಗೆ ನಾಟಕ ತೋರಿಸಲಿಲ್ಲ ಅನ್ನೋದು ನನ್ನ ದೊಡ್ಡ ಬೇಜಾರು. ಜನವರಿ ಬಂದರೆ ಡ್ರಾಯಿಂಗ್ ಪೀರಿಯಡ್ಡೂ ಗಣಿತಕ್ಕೆ ಹೋಗುತ್ತದೆ.

ಚಿತ್ರ ಬರೆಯೋ ಹುಚ್ಚಿರುವ ಮಗುವಾದರೆ ಸುಮ್ನೆ ಸೇರಿಸಿ. ಹಾಡೋ ಮಗುವಿಗೆ ಹೊರಗಡೆ ಪಾಠ ಹುಡುಕಿಕೊಳ್ಳಿ. ಬ್ಯಾಗಿನಲ್ಲಿ ಒಂದು ಹಳೇ ಅಂಗಿ ಇಟ್ಟು ಕಳಿಸಿ. ಯೂನಿಫಾರ್ಮಿನ ತೋಳಿಗೆ ಹತ್ತಿದ ಪೋಸ್ಟರ್ ಕಲರ್ ಉಜ್ಜಿ ಉಜ್ಜಿ ನನಗೆ ಸಾಕಾಗಿದೆ.